ಕೂಪನ್ನಿನಲ್ಲಿ ಬಂದ ಬೈಕು, ನಾವು ಸಹಿ ಹಾಕಿದ ಕಾಗದ

2012ರ ಅಕ್ಟೋಬರ್ ತಿಂಗಳಿನಲ್ಲಿ ವಿಜಯದಶಮಿ 24ಕ್ಕೆ ಬಂದಿತ್ತು, ಬಕ್ರೀದ್ 27ಕ್ಕೆ. ಒಂದೇ ವಾರದಲ್ಲಿ ಎರಡು ಹಬ್ಬಗಳು. ಸಾಲದೆಂಬಂತೆ ಹೊಗೆಸೊಪ್ಪಿನ ಹರಾಜೂ ನಡೆದಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಬಲ್ಲವರಿಗೆ ಹರಾಜಿನ ತಿಂಗಳುಗಳೆಂದರೇನೆಂದು ವಿವರಿಸಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಹದಗೊಂಡ ವರ್ಜೀನಿಯಾ ಸೊಪ್ಪು ಕಟ್ಟೆಮಳಲವಾಡಿ, ಕಗ್ಗುಂಡಿಗಳ ಹರಾಜು ಕಟ್ಟೆ ಸೇರುತ್ತಲೇ ಈ ಸೀಮೆಯ ಅಂಗಡಿಗಳಿಗೆ ಜೀವ ಬರುತ್ತದೆ. ಹಳೆಯ ಬಾಕಿಗಳು ತೀರುತ್ತವೆ, ಮದುವೆಗಳು ನಿಶ್ಚಯವಾಗುತ್ತವೆ. ಅಂಗಡಿಯವರು ಕೂಪನ್ ಯೋಜನೆಗಳನ್ನು ಹೊರಡಿಸುವುದೂ ಅದೇ ಹೊತ್ತಿನಲ್ಲಿ.

ಹುಣಸೂರಿನ ಒಂದು ಗೃಹೋಪಯೋಗಿ ವಸ್ತುಗಳ ಅಂಗಡಿಯಲ್ಲಿ ನಾವು ಆ ವಾರ ಒಂದು ಫ್ರಿಜ್ ಕೊಂಡೆವು. ಕುರ್ಬಾನಿಯ ಮಾಂಸವನ್ನು ನೆರೆಯವರ ಫ್ರಿಜ್ಜಿನಲ್ಲಿ ಇರಿಸಿ ಇರಿಸಿ ನಮ್ಮ ಮನೆಯವರಿಗೆ ಸಂಕೋಚವಾಗಿತ್ತು. ಒಂದು ವರ್ಷ ಕೂಡಿಸಿದ ಹಣವಿತ್ತು. ಬೆಲೆ 9,200 ರೂಪಾಯಿ. ಪ್ರತಿ 5,000 ರೂಪಾಯಿಯ ಖರೀದಿಗೆ ಒಂದು ಕೂಪನ್ ಎಂದು ಅಂಗಡಿಯ ಮುಂದೆ ಬಟ್ಟೆಯ ಫಲಕ ತೂಗುಬಿದ್ದಿತ್ತು. ಮೊದಲ ಬಹುಮಾನ ಮೋಟಾರ್ ಸೈಕಲ್. ಫ್ರಿಜ್ಜಿಗೆ ಒಂದೇ ಕೂಪನ್ ಎಂದಾಗ ಅಂಗಡಿಯ ಹುಡುಗ, "ಇನ್ನೊಂದು ಎಂಟುನೂರು ರೂಪಾಯಿ ವಸ್ತು ತಗೊಳ್ಳಿ ಸಾರ್, ಎರಡಾಗುತ್ತೆ" ಎಂದನು. ನಾವು ಒಂದು ಇಸ್ತ್ರಿಪೆಟ್ಟಿಗೆ ಕೊಂಡೆವು. ಈ ಇಸ್ತ್ರಿಪೆಟ್ಟಿಗೆಯನ್ನು ಓದುಗರು ಮರೆಯದಿರಲಿ, ಅದು ಮತ್ತೆ ಬರುತ್ತದೆ.

ದೀಪಾವಳಿ ಕಳೆದ ಭಾನುವಾರ ಚೀಟಿ ಎತ್ತಿದರು. ಬೈಕು ನಮಗೆ ಬಂತು.

ಅಂದು ನಮ್ಮ ಸಂಬಳ ತಿಂಗಳಿಗೆ 9,000 ರೂಪಾಯಿ. ಬೆಳಿಗ್ಗೆ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ, ಸಂಜೆ ಮದ್ರಸಾದಲ್ಲಿ ಮಕ್ಕಳಿಗೆ ಓದು. ಎರಡರ ನಡುವೆ ಸೈಕಲ್ಲು. ಬೈಕು ಗೆದ್ದ ಸುದ್ದಿ ಮಗ್ರಿಬ್ ನಮಾಝಿನ ಹೊತ್ತಿಗೆ ಮೊಹಲ್ಲಾದ ಎಲ್ಲರಿಗೂ ತಿಳಿದಿತ್ತು. ಒಬ್ಬರು ಸಿಹಿ ಕೇಳಿದರು. ಇನ್ನೊಬ್ಬರು, "ಇದು ಲಾಟರಿಯಲ್ಲವೇ ಮೌಲಾನಾ?" ಎಂದು ತಣ್ಣಗೆ ಕೇಳಿ ಒಳಗೆ ಹೋದರು.

ಮರುದಿನ ಅಂಗಡಿಯ ಮಾಲೀಕರು ನಮ್ಮನ್ನು ಒಳಗಿನ ಕೋಣೆಗೆ ಕರೆದು ಕುಳ್ಳಿರಿಸಿದರು. "ಮೇಷ್ಟ್ರೇ, ಒಂದು ತಾಪತ್ರಯ ಇದೆ. ಬೈಕಿನ ಬೆಲೆ ಐವತ್ತು ಸಾವಿರ. ಬಹುಮಾನ ಅಂತ ತೋರಿಸಿದರೆ ನೂರಕ್ಕೆ ಮೂವತ್ತು ಆದಾಯ ತೆರಿಗೆ. ಹದಿನೈದು ಸಾವಿರ ನೀವು ತಂದುಕೊಟ್ಟ ಮೇಲೇ ನಾವು ಬೈಕು ಕೊಡಬೇಕು, ಕಾನೂನು ಹಾಗಿದೆ. ಅದರ ಬದಲು ಶೋರೂಮಿನಲ್ಲಿ ಬಿಲ್ಲನ್ನು ನಿಮ್ಮ ಹೆಸರಿಗೇ ಮಾಡಿಸಿಬಿಡೋಣ. ನೀವೇ ದುಡ್ಡು ಕೊಟ್ಟು ಕೊಂಡ ಹಾಗೆ. ನಿಮಗೂ ನಿಶ್ಚಿಂತೆ, ನಮಗೂ ನಿಶ್ಚಿಂತೆ."

ಹದಿನೈದು ಸಾವಿರವೆಂದರೆ ನಮ್ಮ ಒಂದೂವರೆ ತಿಂಗಳ ದುಡಿಮೆಗಿಂತಲೂ ಹೆಚ್ಚು. ನಾವು ಹೆಚ್ಚು ಯೋಚಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಅವರು ಮುಂದಿರಿಸಿದ ಕಾಗದದಲ್ಲಿ, 50,000 ರೂಪಾಯಿಗಳನ್ನು ನಗದಾಗಿ ಪಾವತಿಸಿ ವಾಹನ ಖರೀದಿಸಿರುತ್ತೇನೆ ಎಂದಿತ್ತು. ಓದಿದೆವು, ಸಹಿ ಹಾಕಿದೆವು. ಪಾಠ ಹೇಳುವಾಗ ಮಕ್ಕಳ ಕೈಬರಹ ತಿದ್ದುವ ಅದೇ ಪೆನ್ನು. ಬೈಕು ಎರಡು ವಾರದಲ್ಲಿ ಬರುತ್ತದೆಂದರು. ಕಾಗದದ ಒಂದು ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆವು.

ಆ ಕಾಗದವನ್ನು ಮೊದಲು ಓದಿದವರು ನಮ್ಮ ಭಾವಮೈದುನರು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರು. ಬೈಕು ನೋಡಲೆಂದು ಬಂದಿದ್ದರು, ಬೈಕಿರಲಿಲ್ಲ, ಕಾಗದ ಸಿಕ್ಕಿತು. ಓದಿ ನಕ್ಕರು. "ಭಾಯ್‌ಜಾನ್, ಐವತ್ತು ಸಾವಿರ ನಗದು! ನೀವು ಸಾಹಿಬೆ ನಿಸಾಬ್ ಆಗಿಬಿಟ್ಟಿರಿ. ಈ ರಮಝಾನಿನಲ್ಲಿ ಝಕಾತ್ ಕೊಡುತ್ತೀರೋ, ತೆಗೆದುಕೊಳ್ಳುತ್ತೀರೋ?"

ಅವರು ತಮಾಷೆಗೆ ಹೇಳಿದ್ದು. ಆದರೆ ನಮಗೆ ನಗು ಬರಲಿಲ್ಲ. ಬೆಳ್ಳಿಯ ನಿಸಾಬ್ 612 ಗ್ರಾಂ ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಅಂದಿನ ಬೆಲೆಯಲ್ಲಿ ಅದು 50,000 ರೂಪಾಯಿಗಿಂತ ಬಹಳ ಕಡಿಮೆ. ಪ್ರತಿ ವರ್ಷ ರಮಝಾನಿನಲ್ಲಿ ಪಿರಿಯಾಪಟ್ಟಣದ ಒಂದು ಮನೆಯವರು, ನಮ್ಮ ಮಾನಕ್ಕೆ ಕುಂದು ಬಾರದ ಹಾಗೆ, ಲಕೋಟೆಯೊಂದನ್ನು ನಮ್ಮ ತಾಯಿಯ ಕೈಗೆ ಕೊಟ್ಟು ಹೋಗುತ್ತಿದ್ದರು. ಅದು ಝಕಾತಿನ ಹಣವೆಂದು ನಮಗೆ ಗೊತ್ತಿತ್ತು. ನಾವು ಅದಕ್ಕೆ ಅರ್ಹರಾಗಿದ್ದೆವು. ಹಾಗಿರುವಾಗ, ಜೇಬಿನಲ್ಲಿ ಐವತ್ತು ಸಾವಿರ ನಗದು ಇದ್ದವರು ನಾವು ಎಂದು ನಮ್ಮ ಕೈಯಾರೆ ಬರೆದುಕೊಟ್ಟಿದ್ದೆವು. ಸರ್ಕಾರಕ್ಕೆ ಹೇಳಿದ ಸುಳ್ಳು ಸರ್ಕಾರದ ಬಳಿಯೇ ನಿಲ್ಲುತ್ತದೆ ಎಂದು ಭಾವಿಸಿದ್ದೆವು. ಅದು ಮನೆಯೊಳಗೆ ಬಂದು ನಮ್ಮ ತಾಯಿಯ ಲಕೋಟೆಯ ಪಕ್ಕದಲ್ಲಿ ಕುಳಿತಿತು. ಎರಡರಲ್ಲಿ ಒಂದು ಸುಳ್ಳಾಗಲೇಬೇಕು.

ಪ್ರವಾದಿವರ್ಯರು (ಸ) ಮಹಾಪಾಪಗಳನ್ನು ಹೇಳುತ್ತಾ, ಒರಗಿ ಕುಳಿತಿದ್ದವರು ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಎಚ್ಚರಿಸಿದರೆಂದು ಬುಖಾರಿಯಲ್ಲಿದೆ. ಈ ಹದೀಸನ್ನು ನಾವು ಎಷ್ಟು ಬಾರಿ ಪಾಠ ಮಾಡಿದ್ದೇವೋ ಲೆಕ್ಕವಿಲ್ಲ. ಪ್ರತಿ ಬಾರಿಯೂ ಕೋರ್ಟಿನ ಕಟಕಟೆಯ ಉದಾಹರಣೆ ಕೊಟ್ಟಿದ್ದೇವೆ. ಅಂಗಡಿಯ ಒಳಕೋಣೆಯ ಉದಾಹರಣೆ ಒಮ್ಮೆಯೂ ಕೊಟ್ಟಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಎಚ್.ಡಿ. ಕೋಟೆಯ ಬಸ್ಸು ಹತ್ತಿದೆವು. ನಮಗೆ ಅರಬಿ ಕಲಿಸಿದ ಹಜ್ರತ್ ಅಲ್ಲಿಯ ಹಳ್ಳಿಯೊಂದರಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ನಾವು ತೆರಿಗೆಯ ವಿಷಯ ಎತ್ತಿದರೆ ಅವರು ಅದನ್ನು ಬದಿಗಿರಿಸಿ, "ಮೊದಲು ಕೂಪನ್ ಹೇಗೆ ಬಂತು ಹೇಳು" ಎಂದರು.

ಅಲ್ ಮಾಇದಾ ಅಧ್ಯಾಯದ 90ನೆಯ ಸೂಕ್ತವು ಜೂಜನ್ನು ಮದ್ಯದ ಜೊತೆಗೆ ಹೆಸರಿಸಿ ದೂರವಿರಿಸಿರುವುದು ಎಲ್ಲರಿಗೂ ಗೊತ್ತು. ಚೀಟಿ ಎತ್ತುವುದೆಲ್ಲವೂ ಜೂಜಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮರ್ಯಮ್‌ರ (ಅ) ಪಾಲನೆಯನ್ನು ಯಾರು ವಹಿಸಬೇಕೆಂದು ಲೇಖನಿಗಳನ್ನು ಎಸೆದು ನಿರ್ಧರಿಸಿದ ಪ್ರಸಂಗ ಆಲಿ ಇಮ್ರಾನ್ ಅಧ್ಯಾಯದಲ್ಲಿದೆ. ಪ್ರವಾದಿವರ್ಯರು (ಸ) ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಹಾಕುತ್ತಿದ್ದರೆಂದು ಆಯಿಶಾ (ರ) ವರದಿ ಮಾಡಿದ್ದಾರೆ. ಹಣ ತೆತ್ತು ಅದೃಷ್ಟವನ್ನು ಕೊಂಡಾಗ, ಒಬ್ಬನ ಗೆಲುವಿಗೆ ಉಳಿದವರ ನಷ್ಟವೇ ಬಂಡವಾಳವಾದಾಗ ಅದು ಮೈಸಿರ್. ಬೇಕಾದ ವಸ್ತುವನ್ನು ಅದರ ನ್ಯಾಯಬೆಲೆಗೆ ಕೊಂಡು, ಅಂಗಡಿಯವನು ತನ್ನ ಲಾಭದಿಂದ ಕೊಟ್ಟ ಕೂಪನ್ನಿನಲ್ಲಿ ಏನಾದರೂ ಬಂದರೆ ಅದು ಕೊಡುಗೆ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಕೂಪನ್ನಿನ ಆಸೆಯಿಂದಲೇ ಕೊಂಡರೆ ಮಾತು ಬೇರೆ.

ಇಷ್ಟನ್ನು ನಾವೇ ಹಜ್ರತ್‌ರಿಗೆ ಒಪ್ಪಿಸಿದೆವು, ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಹಾಗೆ. ಅವರು ಕೇಳಿದರು: "ಫ್ರಿಜ್ ಬೇಕಾಗಿತ್ತು, ಸರಿ. ಇಸ್ತ್ರಿಪೆಟ್ಟಿಗೆ?"

ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮೊದಲೇ ಇತ್ತು. ಹಳೆಯದು, ಆದರೆ ಬಿಸಿಯಾಗುತ್ತಿತ್ತು. ಎರಡು ಕೂಪನ್ನುಗಳ ಸಂಖ್ಯೆಗಳು ಒಂದರ ಹಿಂದೆ ಒಂದು. ಗೆದ್ದದ್ದು ಫ್ರಿಜ್ಜಿನದೋ ಇಸ್ತ್ರಿಪೆಟ್ಟಿಗೆಯದೋ ಯಾರೂ ಹೇಳಲಾರರು. ನಾವು ಸುಮ್ಮನೆ ಕುಳಿತೆವು. ಹಜ್ರತ್ ಸ್ವಲ್ಪ ಹೊತ್ತು ಬಿಟ್ಟು, ಇದರಲ್ಲಿ ಮುಳುಗಿ ವಸ್‌ವಾಸಕ್ಕೆ ಬೀಳಬೇಡ, ವಸ್ತು ಕೈಗೆ ಬಂದಿದೆ, ಬಳಸಬಹುದಾದದ್ದು. ಆದರೂ ಆ ಎಂಟುನೂರು ರೂಪಾಯಿಯಷ್ಟನ್ನು ಪುಣ್ಯದ ನಿರೀಕ್ಷೆ ಇಲ್ಲದೆ ಬಡವರಿಗೆ ಕೊಟ್ಟುಬಿಡು, ಇನ್ನು ಮುಂದೆ ಹಾಗೆ ಮಾಡಬೇಡ ಎಂದರು. ಬೇರೆ ವಿದ್ವಾಂಸರು ಇದಕ್ಕಿಂತ ಬಿಗಿಯಾಗಿ ಹೇಳಿಯಾರು. ನಾವು ನಮ್ಮ ಗುರುಗಳ ಮಾತಿನಂತೆ ನಡೆದೆವು.

ಆಮೇಲೆ ತೆರಿಗೆ. ನಮ್ಮ ಮೊಹಲ್ಲಾದಲ್ಲಿ ಕೇಳಿಬಂದ ಮಾತುಗಳನ್ನೆಲ್ಲ ಅವರ ಮುಂದಿಟ್ಟೆವು. ಝಕಾತ್ ಕೊಡುವ ಸಮುದಾಯಕ್ಕೆ ಇನ್ನೊಂದು ತೆರಿಗೆ ಏಕೆ? ಹದೀಸಿನಲ್ಲಿ ಮಕ್ಸ್ ವಸೂಲಿಗಾರನನ್ನು ಖಂಡಿಸಿಲ್ಲವೇ? ಅವರ ಉತ್ತರ ದೀರ್ಘವಾಗಿರಲಿಲ್ಲ. ಸಂತೆಗೆ ಬಂದವರನ್ನು ತಡೆದು ಕಿತ್ತುಕೊಳ್ಳುವ ಅನ್ಯಾಯದ ಸುಂಕವೇ ಬೇರೆ, ನೀವು ಮತ ಹಾಕಿ ಕಳುಹಿಸಿದವರು ಎಲ್ಲ ಪ್ರಜೆಗಳಿಗೂ ಒಂದೇ ಎಂದು ಮಾಡಿದ ಕಾನೂನೇ ಬೇರೆ ಎಂದರು. ಝಕಾತಿಗೆ ಅದರದೇ ಹಕ್ಕುದಾರರಿದ್ದಾರೆ. ತೆರಿಗೆ ಕಟ್ಟಿದ್ದನ್ನು ಝಕಾತಿನಲ್ಲಿ ಕಳೆಯುವಂತಿಲ್ಲ, ಝಕಾತ್ ಕೊಟ್ಟೆನೆಂದು ತೆರಿಗೆ ತಪ್ಪಿಸುವಂತಿಲ್ಲ. ಒಪ್ಪಂದಗಳನ್ನು ಪಾಲಿಸಿರೆಂಬ ಆಜ್ಞೆಯಿಂದಲೇ ಅಲ್ ಮಾಇದಾ ಆರಂಭವಾಗುತ್ತದೆ ಎಂದು ನೆನಪಿಸಿದರು. ಕೊನೆಗೆ, "ತೆರಿಗೆ ಹೆಚ್ಚೋ ಕಡಿಮೆಯೋ ಅಂತ ನೀನು ಸರ್ಕಾರದ ಜೊತೆ ವಾದ ಮಾಡು, ಬೇಡ ಅನ್ನುವುದಿಲ್ಲ. ಆದರೆ ಕೊಡದ ದುಡ್ಡನ್ನು ಕೊಟ್ಟೆ ಅಂತ ಬರೆದೆಯಲ್ಲ, ಅದಕ್ಕೂ ತೆರಿಗೆಗೂ ಏನು ಸಂಬಂಧ?" ಎಂದರು. ನಾವು ಉತ್ತರ ಕೊಡಲಿಲ್ಲ. ಚಹಾ ಕುಡಿದು ಎದ್ದೆವು.

ಹುಣಸೂರಿಗೆ ಬಂದು ತೆರಿಗೆ ಸಲಹೆಗಾರರೊಬ್ಬರನ್ನು ಕಂಡೆವು. ಕಾನೂನು ಏನು ಹೇಳುತ್ತದೆಂಬುದು ನಮಗೆ ಆಗಲೇ ಸರಿಯಾಗಿ ತಿಳಿದದ್ದು. ಇಂಥ ಬಹುಮಾನ ಯಾರ ಮನೆಗಾದರೂ ಬರಬಹುದಾದ್ದರಿಂದ ಬರೆಯುತ್ತೇವೆ. ಹಿಂದೆ ಲಾಟರಿಯಂತಹ ಆಕಸ್ಮಿಕ ಗಳಿಕೆಗೆ ಆದಾಯ ತೆರಿಗೆ ಇರಲಿಲ್ಲ. 1972ರ ಹಣಕಾಸು ಕಾಯ್ದೆ ಅದನ್ನು ಆದಾಯವೆಂದು ಸೇರಿಸಿತು. 'ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ನಿಷೇಧ, ಇನ್ನು ಲಾಟರಿ ತೆರಿಗೆ ಎಲ್ಲಿಂದ ಬಂತು?' ಎಂದು ನಾವೂ ಜಾಣತನದಿಂದ ಕೇಳಿದೆವು. ತೆರಿಗೆಯ ಕಾನೂನಿನಲ್ಲಿ ಆ ಪದಕ್ಕೆ ಅರ್ಥ ದೊಡ್ಡದು. ಚೀಟಿ ಎತ್ತಿ ಅಥವಾ ಅದೃಷ್ಟದ ಮೇಲೆ ಯಾವುದೇ ಯೋಜನೆಯಡಿ ಕೊಟ್ಟ ಬಹುಮಾನವೂ ಲಾಟರಿಯೇ ಎಂದು 2001ರಲ್ಲಿ ವಿವರಣೆ ಸೇರಿಸಿದ್ದಾರೆ ಎಂದರು. ಜಾಣತನದಿಂದ ಗೆದ್ದರೆ ಬಚಾವಾಗಬಹುದೇ ಎಂದರೆ ಅದೂ ಇಲ್ಲ. ಮೋಟಾರ್ ರ‍್ಯಾಲಿಯಲ್ಲಿ ಗೆದ್ದ ಬಹುಮಾನದ ಹಣವೂ ಆದಾಯವೇ ಎಂದು ಕಾರ್ತಿಕೇಯನ್ ಎಂಬವರ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಹೇಳಿದೆಯಂತೆ.

ನಮಗೆ ಕಷ್ಟವೆನಿಸಿದ್ದು ಮುಂದಿನ ಮಾತು. ಅಂದು ವರ್ಷಕ್ಕೆ 2 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯಿರಲಿಲ್ಲ; ನಮ್ಮ ಸಂಬಳ 1,08,000. ಬೈಕಿನ ಬೆಲೆ ಸೇರಿಸಿದರೂ ಮಿತಿ ದಾಟುವುದಿಲ್ಲ. ಆದರೆ ಈ ಬಗೆಯ ಗೆಲುವಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಕೋಟಿ ಇದ್ದವನಿಗೂ ಶೇ 30, ಸೈಕಲ್ ತುಳಿಯುವ ಮೇಷ್ಟ್ರಿಗೂ ಶೇ 30. ಇದು ನ್ಯಾಯವೆಂದು ನಮಗೆ ಅಂದೂ ಅನಿಸಿರಲಿಲ್ಲ, ಇಂದೂ ಅನಿಸುವುದಿಲ್ಲ. ಝಕಾತಿನಲ್ಲಿ ನಿಸಾಬ್ ಎಂಬ ಹೊಸ್ತಿಲಿದೆ. ಬಡವನು ಅದರ ಈಚೆಗೇ ನಿಲ್ಲುತ್ತಾನೆ. ಈ ತೆರಿಗೆಗೆ ಹೊಸ್ತಿಲೇ ಇಲ್ಲ. ಸರ್ಕಾರದ ಜೊತೆ ವಾದ ಮಾಡು ಎಂದು ಹಜ್ರತ್ ಹೇಳಿದ್ದರಲ್ಲ, ಆ ವಾದವನ್ನು ಇಲ್ಲಿ ಮಾಡಿದ್ದೇವೆ.

10,000 ರೂಪಾಯಿ ಮೀರಿದ ಬಹುಮಾನದಲ್ಲಿ ಕೊಡುವವರೇ ತೆರಿಗೆ ಹಿಡಿದು ಕಟ್ಟಬೇಕು. ಬೈಕಿನಲ್ಲಿ ಹಿಡಿಯುವುದೇನನ್ನು, ಚಕ್ರವನ್ನೇ? ಆದ್ದರಿಂದ ಬಹುಮಾನ ವಸ್ತುವೇ ಆಗಿದ್ದರೆ ತೆರಿಗೆ ಸಂದಾಯವಾಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಅದನ್ನು ಹಸ್ತಾಂತರಿಸಬೇಕೆಂದಿದೆ. ಹಿಂದೂಸ್ತಾನ್ ಲೀವರ್ ಕಂಪನಿಯ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಇದನ್ನೇ ಪರಿಶೀಲಿಸಿ, ವಸ್ತುರೂಪದ ಬಹುಮಾನದಲ್ಲಿ ಕಡಿತದ ಪ್ರಶ್ನೆ ಬರುವುದಿಲ್ಲ, ತೆರಿಗೆ ಕಟ್ಟಿದೆಯೇ ಎಂದು ನೋಡಿಕೊಳ್ಳುವ ಹೊಣೆ ಮಾತ್ರ ಕೊಡುವವರದು ಎಂದು ಹೇಳಿದ್ದನ್ನು ಮುಂದೊಮ್ಮೆ ಓದಿದೆವು.

ಅಂಗಡಿಗೆ ಹೋಗಿ ನಮ್ಮ ಕಾಗದವನ್ನು ಮರಳಿ ಕೇಳಿದಾಗ ಮಾಲೀಕರ ಮುಖ ಸಪ್ಪಗಾಯಿತು. ಬೈದರೆ ಚೆನ್ನಾಗಿತ್ತು; ಅವರು ಬೈಯಲಿಲ್ಲ. "ಮೇಷ್ಟ್ರೇ, ನೀವು ಒಬ್ಬರು ಹೀಗೆ ಹೇಳಿದರೆ ಟಿವಿ ಗೆದ್ದವರಿಗೆ ನಾನು ಏನು ಹೇಳಲಿ?" ಎಂದರು. ನಮ್ಮಿಂದ ಇನ್ನೊಬ್ಬರಿಗೆ ತೊಂದರೆಯಾಗುತ್ತದೆಂಬುದು ನಮಗೆ ಹೊಳೆದಿರಲಿಲ್ಲ. ಆದರೂ ಕಾಗದ ಕೇಳಿದೆವು. ಅವರು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು; ಹರಿದವರು ನಾವು. ತೆರಿಗೆ ಹಿಡಿದು ಕಟ್ಟುವವರಿಗೆ ಟ್ಯಾನ್ ಎಂಬ ಸಂಖ್ಯೆ ಬೇಕಂತೆ, ಅವರ ಬಳಿ ಇರಲಿಲ್ಲ. ಅರ್ಜಿ ಹಾಕಿಸಿ ಅದು ಬರುವವರೆಗೆ ಬೈಕು ಶೋರೂಮಿನಲ್ಲೇ ಉಳಿಯಿತು.

ಹಣಕ್ಕೆ ಬೇರೆ ದಾರಿಯಿರಲಿಲ್ಲ. ಭಾವಮೈದುನರ ಭತ್ತ ಇನ್ನೂ ಗದ್ದೆಯಲ್ಲಿತ್ತು. ಮನೆಯವರು ಅಕ್ಕಿಡಬ್ಬದಿಂದ 5,000 ತೆಗೆದುಕೊಟ್ಟರು; ಅಷ್ಟಿತ್ತೆಂದು ನಮಗೆ ಗೊತ್ತೇ ಇರಲಿಲ್ಲ. ಉಳಿದ 10,000ಕ್ಕೆ ಪಿರಿಯಾಪಟ್ಟಣದ ಗೆಳೆಯರೊಬ್ಬರ ಬಳಿ ಹೋದೆವು. ಪದವಿ ತರಗತಿಯಲ್ಲಿ ಜೊತೆಗೆ ಕನ್ನಡ ಓದಿದ ಗೌಡರು, ಈಗ ಹೊಗೆಸೊಪ್ಪಿನ ಬೆಳೆಗಾರರು. ಕಗ್ಗುಂಡಿಯಲ್ಲಿ ಬೇಲುಗಳನ್ನು ಮಾರಿ ಬಂದಿದ್ದರು. ಕತೆಯನ್ನೆಲ್ಲ ಕೇಳಿ ಬಹಳ ನಕ್ಕರು. "ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ ಕಣಯ್ಯ. ಲಕ್ಷಗಟ್ಟಲೆ ಸೊಪ್ಪು ಮಾರಿದ ನಾನು ಆರಾಮಾಗಿದ್ದೀನಿ, ಇಸ್ತ್ರಿಪೆಟ್ಟಿಗೆ ಕೊಂಡ ನೀನು ತೆರಿಗೆ ಕಟ್ಟುತ್ತೀಯ!" ಎಂದರು. ಆಮೇಲೆ ನಗು ನಿಲ್ಲಿಸಿ, ತಂಬಾಕು ಮಂಡಳಿಯವರು ಬೇಲು ಬೇಲಿಗೂ ತೂಕ ಬರೆದುಕೊಳ್ಳುವುದನ್ನೂ ಮಿತಿ ಮೀರಿ ಬೆಳೆದದ್ದಕ್ಕೆ ದಂಡ ಹಿಡಿಯುವುದನ್ನೂ ಹೇಳಿದರು. ಹಣವನ್ನು ಎಣಿಸದೆಯೇ ಕೈಗಿಟ್ಟರು. ಮುಂದಿನ ಸೀಸನ್ನಿನೊಳಗೆ ಕೊಟ್ಟರೆ ಸಾಕು, ಬಡ್ಡಿ ಕೇಳಿದರೆ ನಿನ್ನ ದೇವರು ನನ್ನನ್ನು ಬಿಡುತ್ತಾನೆಯೇ ಎಂದರು. ನಮ್ಮ ಗ್ರಂಥಗಳಲ್ಲಿ ಕರ್ಝ್ ಹಸನ್ ಎಂದು ಕರೆಯುವುದನ್ನು ಗೌಡರು ಹೆಸರು ತಿಳಿಯದೆಯೇ ಕೊಟ್ಟರು. ಹತ್ತು ತಿಂಗಳಲ್ಲಿ ತೀರಿಸಿದೆವು.

ಡಿಸೆಂಬರಿನ ಕೊನೆಗೆ ಬೈಕು ಬಂತು. ಕೆಎ-45 ಎಂಬ ಹುಣಸೂರಿನ ನೋಂದಣಿ ಫಲಕ. ತಾಯಿಯವರು ಬಿಸ್ಮಿಲ್ಲಾಹ್ ಹೇಳಿ ಹಿಂದಿನ ಸೀಟು ಹತ್ತಿದರು, ನೂರು ಗಜ ಹೋಗುವುದರೊಳಗೆ ಇಳಿಸು ಎಂದರು.

ಮರುವರ್ಷ ರಮಝಾನ್ ಜುಲೈ ತಿಂಗಳಲ್ಲಿ ಬಂತು. ಆದಾಯ ವಿವರ ಸಲ್ಲಿಸುವ ಅವಧಿಯೂ ಅದೇ. ಸಲಹೆಗಾರರ ಬಳಿ ಉಪವಾಸದ ಬಾಯಲ್ಲಿ ಕುಳಿತೆವು. ಇಂಥ ಬಹುಮಾನವಿದ್ದರೆ ಸಂಬಳದಾರರ ಸರಳ ನಮೂನೆ ಒಂದು ನಡೆಯುವುದಿಲ್ಲ, ಐಟಿಆರ್-2 ಬೇಕು. ಲೆಕ್ಕ ಹಾಕಿ ಅವರು ಪೆನ್ನು ಕಚ್ಚಿಕೊಂಡರು. ಅಂಗಡಿಯವರು ಕಟ್ಟಿದ್ದು ಶೇ 30, ಅಂದರೆ 15,000. ಅದರ ಮೇಲೆ ಶೇ 3 ಶಿಕ್ಷಣ ಸೆಸ್ ಸೇರಿ ಒಟ್ಟು 15,450. ಇನ್ನು 450 ರೂಪಾಯಿ ಬಾಕಿ. (ಈಗ ಸೆಸ್ ಶೇ 4, ಇಂದು ಅದೇ ಬೈಕು ಗೆದ್ದವರಿಗೆ 15,600 ಆಗುತ್ತದೆ.) "ಬಿಡಿ ಮೌಲಾನಾ, ಇದನ್ನು ಯಾರು ಕೇಳುತ್ತಾರೆ?" ಎಂದರು, ಒಳ್ಳೆಯ ಮನಸ್ಸಿನಿಂದಲೇ. ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಆ 450 ರೂಪಾಯಿ ಕಟ್ಟಿದೆವು. ಹದಿನೈದು ಸಾವಿರಕ್ಕಿಂತ ಇದೇ ನಮಗೆ ಹೆಚ್ಚು ಚುಚ್ಚಿತು ಎಂದರೆ ಓದುಗರು ನಗಬಹುದು. ಹದಿನೈದು ಸಾವಿರ ಕಟ್ಟದಿದ್ದರೆ ಬೈಕು ಸಿಗುತ್ತಿರಲಿಲ್ಲ. ಈ 450 ಕಟ್ಟದಿದ್ದರೂ ಬೈಕು ಮನೆಯ ಮುಂದೆಯೇ ನಿಂತಿರುತ್ತಿತ್ತು.

ಅದೇ ವಾರ ಪಿರಿಯಾಪಟ್ಟಣದವರ ಲಕೋಟೆ ಬಂತು. ತಾಯಿಯವರು ಅದನ್ನು ಹಿಡಿದುಕೊಂಡು, ಬೈಕು ಇರುವವರು ಇದನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಸವಾರಿಯ ಕುದುರೆಗೆ ಝಕಾತ್ ಇಲ್ಲವೆಂದು ಪ್ರವಾದಿವರ್ಯರು (ಸ) ಹೇಳಿದ್ದಾರೆ. ದಿನಬಳಕೆಯ ವಾಹನಕ್ಕೂ ಅದೇ ನಿಯಮ, ಅದು ಮನುಷ್ಯನನ್ನು ಸಾಹಿಬೆ ನಿಸಾಬ್ ಮಾಡುವುದಿಲ್ಲ. ಮೇಲಾಗಿ ನಮ್ಮ ತಲೆಯ ಮೇಲೆ ಸಾಲವಿತ್ತು. ತೆಗೆದುಕೊಳ್ಳಬಹುದೆಂದೆವು. ಆ ಉತ್ತರವನ್ನು ಕೊಡುವಾಗ ಮನೆಯಲ್ಲಿ ಅದಕ್ಕೆ ವಿರುದ್ಧವಾದ ಕಾಗದ ಯಾವುದೂ ಇರಲಿಲ್ಲ.

ಅಕ್ಟೋಬರಿನಲ್ಲಿ ಅದೇ ಅಂಗಡಿಯಲ್ಲಿ ನಮ್ಮ ಮನೆಯವರು ಮಿಕ್ಸಿ ಕೊಳ್ಳಲು ಹೋದರು. ಯೋಜನೆ ಆ ವರ್ಷವೂ ಇತ್ತು, ಬಹುಮಾನ ಆ ವರ್ಷವೂ ಬೈಕು. ಕೂಪನ್ನಿನ ಹಿಂಬದಿಯಲ್ಲಿ ಮಾತ್ರ ಸಣ್ಣ ಅಕ್ಷರಗಳಲ್ಲಿ ಹೊಸದಾಗಿ ಒಂದು ಸಾಲು ಅಚ್ಚಾಗಿತ್ತು: ವಿಜೇತರು ಪ್ಯಾನ್ ಕಾರ್ಡ್ ತರತಕ್ಕದ್ದು, ಬಹುಮಾನದ ಮೇಲಿನ ಆದಾಯ ತೆರಿಗೆ ವಿಜೇತರಿಗೆ ಸೇರಿದ್ದು. ಮಾಲೀಕರು ನಮ್ಮ ಮನೆಯವರಿಗೆ ಅದನ್ನು ಬೆರಳಿಟ್ಟು ತೋರಿಸಿ, "ಮೇಷ್ಟ್ರಿಗೆ ಹೇಳಿ" ಎಂದರಂತೆ.